ಸ್ಟಿಕ್ ಕೆಳಗಿಟ್ಟ ಮೇಲೆ

ಐಸ್ ಹಾಕಿಯಲ್ಲಿ ಆಟಗಾರ ಒಂದು ಸಲ ಅಂಗಳಕ್ಕಿಳಿದರೆ ಸುಮಾರು ಮುಕ್ಕಾಲು ನಿಮಿಷ ಆಡುತ್ತಾನೆ. ದಣಿದು ಬೆಂಚಿಗೆ ಮರಳುತ್ತಾನೆ, ಆಟ ನಿಲ್ಲುವುದಕ್ಕೂ ಕಾಯದೆ ಇನ್ನೊಬ್ಬ ಇಳಿಯುತ್ತಾನೆ. ಬೆಂಚಿನ ಹಿಂದೆ ಕೋಟು ತೊಟ್ಟು ನಿಂತ ಕೋಚ್ ಮಾತ್ರ ಅರವತ್ತು ನಿಮಿಷವೂ ಅಲ್ಲೇ. ಗೋಲಿಗೆ ದಾರಿ ತೆರೆದದ್ದು ಅವನಿಗೆ ಕಾಣುತ್ತದೆ, ಸ್ಟಿಕ್ ಬೇರೆಯವರ ಕೈಯಲ್ಲಿರುತ್ತದೆ. ಇಪ್ಪತ್ತು ವರ್ಷ ಮೈಯಲ್ಲೇ ಇದ್ದ ವಿದ್ಯೆ, ಮೈ ಸೋತ ಮೇಲೆ ಎಲ್ಲಿ ಉಳಿಯುತ್ತದೆ?

ಈ ಆಟದ ದಿಗ್ಗಜ ವೇಯ್ನ್ ಗ್ರೆಟ್ಸ್ಕಿ 1999ರಲ್ಲಿ ನಿವೃತ್ತರಾದಾಗ, ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಅವರ ಲೆಕ್ಕದಲ್ಲಿ 894 ಗೋಲುಗಳಿದ್ದವು. 2005ರಿಂದ ನಾಲ್ಕು ಋತು ಫೀನಿಕ್ಸ್ ಕೊಯೋಟಿಸ್ ತಂಡದ ಕೋಚ್ ಆದರು, ತಂಡ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಹುಟ್ಟು ಪ್ರತಿಭೆಯವರಿಗೆ ಕಲಿಸಲು ಬರುವುದಿಲ್ಲ ಎಂದುಬಿಡುವುದು ಸುಲಭ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಗ್ರೆಟ್ಸ್ಕಿಯೂ ಕಲಿತವರೇ. ಕೆನಡಾದ ಬ್ರ್ಯಾಂಟ್‌ಫರ್ಡ್‌ನಲ್ಲಿ ಟೆಲಿಫೋನ್ ಕಂಪನಿಯ ನೌಕರರಾಗಿದ್ದ ತಂದೆ ವಾಲ್ಟರ್, ಹಿತ್ತಲಿಗೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ಮಗನಿಗೆ ಅಂಗಳ ಮಾಡಿಕೊಟ್ಟಿದ್ದರು. ಟಿವಿಯಲ್ಲಿ ಪಂದ್ಯ ನಡೆಯುವಾಗ ಹುಡುಗ ಕಾಗದದ ಮೇಲೆ ಅಂಗಳದ ನಕ್ಷೆ ಇಟ್ಟುಕೊಂಡು, ಕಣ್ಣು ಕೀಳದೆ, ಪಕ್ ಎಂಬ ಆಟದ ಬಿಲ್ಲೆ ಹೋದಲ್ಲೆಲ್ಲ ಪೆನ್ನು ಓಡಿಸುತ್ತಿದ್ದ. ಗೆರೆಗಳು ಎಲ್ಲಿ ಒತ್ತಾಗಿವೆಯೋ ಅಲ್ಲಿ ಪಕ್ ಮತ್ತೆ ಮತ್ತೆ ಬಂದಿದೆ ಎಂದರ್ಥ. ತಾನು ಎನ್‌ಎಚ್‌ಎಲ್ ಆಡದ ತಂದೆ ಮಗನಿಗೆ ಕೊಟ್ಟದ್ದು ನೋಡುವ ಬಗೆಯನ್ನು. ದಾಟಿಸಬಹುದಾದದ್ದು ಅದೊಂದೇ ಏನೋ ಎಂದು ನನಗೆ ಅನಿಸುತ್ತದೆ.

ಆಟ ಬಿಟ್ಟು ಕೋಚ್ ಆದ ಇನ್ನೊಬ್ಬರು ಮಾರ್ಟಿನ್ ಸೇಂಟ್ ಲೂಯಿ, ಐದಡಿ ಎಂಟಂಗುಲದ ಆಳು. ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ, ಮೊದಲು ಕರೆದುಕೊಂಡ ಕ್ಯಾಲ್ಗರಿ ತಂಡ 2000ದಲ್ಲಿ ಕೈಬಿಟ್ಟಿತು. 2004ರಲ್ಲಿ ಟ್ಯಾಂಪಾ ಬೇ ತಂಡದೊಂದಿಗೆ ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್ ಗೆದ್ದರು, ಅದೇ ವರ್ಷ ಲೀಗಿನ ಅತ್ಯುತ್ತಮ ಆಟಗಾರನೂ ಆದರು. ದೈತ್ಯರ ನಡುವೆ ಗಿಡ್ಡ ಮನುಷ್ಯನಿಗೆ ಎಲ್ಲರಿಗಿಂತ ಮೊದಲೇ ಕಾಣಬೇಕಿತ್ತು. ನಿವೃತ್ತಿಯ ನಂತರ ಮಕ್ಕಳ ತಂಡಗಳಿಗೆ ಕಲಿಸುತ್ತಿದ್ದವರನ್ನು 2022ರ ಫೆಬ್ರವರಿಯಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಕೋಚ್ ಮಾಡಿತು. ಕೋಚ್ ಆಗಿ ವೃತ್ತಿಪರ ತಂಡವನ್ನು ನಡೆಸಿದ ಅನುಭವ ಅವರಿಗೆ ಇರಲೇ ಇಲ್ಲ.

ಆ ತಂಡದಲ್ಲಿ ಕೋಲ್ ಕಾಫೀಲ್ಡ್ ಎಂಬ, ಅವರಂತೆಯೇ ಕುಳ್ಳಗಿನ ಯುವಕ ಇದ್ದ. ಆ ಋತುವಿನಲ್ಲಿ ಮೊದಲ 30 ಪಂದ್ಯಗಳಲ್ಲಿ ಅವನು ಹೊಡೆದದ್ದು ಒಂದೇ ಗೋಲು, ಹೊಸ ಕೋಚ್ ಬಂದ ಮೇಲಿನ 37 ಪಂದ್ಯಗಳಲ್ಲಿ 22. ಕಾಲೂ ಅವನದೇ, ಕೈಯೂ ಅವನದೇ, ಹಿಂದೆಯೂ ಇದ್ದದ್ದೇ. ತಂಡವೇನೋ ಆ ವರ್ಷ ಲೀಗಿನಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಕೋಚ್ ಮಾಡಿದ ಕೆಲಸವನ್ನು ಪಟ್ಟಿಯ ಸ್ಥಾನದಿಂದ ಅಳೆಯಬಾರದು ಎಂಬುದಕ್ಕೆ ನನಗೆ ಇಷ್ಟು ಸಾಕು.

ಗೋಲಿಗೆ ಮುಂಚೆ ಪಕ್ ದಾಟಿಸಿದ ಇಬ್ಬರವರೆಗೆ ಐಸ್ ಹಾಕಿ ಲೆಕ್ಕ ಬರೆಯುತ್ತದೆ. ಕೋಚ್‌ನ ಹೆಸರಿಗೆ ಅಲ್ಲಿ ಕಾಲಂ ಇಲ್ಲ.