ಮೂರು ವರ್ಷದವರಿಗೊಂದು ಗಾದೆ

‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಗಾದೆಯನ್ನು ನಾವು ಯಾವಾಗಲೂ ದೊಡ್ಡವರ ತಲೆಗೇ ಕಟ್ಟುತ್ತೇವೆ. ಹೆಂಡತಿ ಮಕ್ಕಳ ಗೋಳು ಕೇಳದೆ ಊರ ಉದ್ಧಾರಕ್ಕೆ ಹೊರಟವನಿಗೂ ಸ್ವಂತ ವಾರ್ಡಿನಲ್ಲಿ ಠೇವಣಿ ಕಳೆದುಕೊಂಡು ದೇಶದ ಮಾತಾಡುವ ಪುಢಾರಿಗೂ ಇದನ್ನು ಹೇಳಿ ಚುಚ್ಚುವುದು ರೂಢಿ. ಆದರೆ ಈ ಗಾದೆ ಅಕ್ಷರಶಃ ಒಪ್ಪುವುದು ಮೊದಲ ಸಲ ನರ್ಸರಿಯ ಮೆಟ್ಟಿಲು ಹತ್ತುವ ಮೂರು ವರ್ಷದ ಮಗುವಿಗೆ. ಮನೆಯ ಬಗ್ಗೆ ಧೈರ್ಯವಿರುವ ಮಗು ಹೊರಗೆ ಕಾಲಿಡುತ್ತದೆ. ಆ ಧೈರ್ಯವಿಲ್ಲದ ಮಗುವನ್ನು ಎಷ್ಟು ದೂಡಿದರೂ ಅದು ಹೊಸಿಲಿಗೇ ಅಂಟಿಕೊಳ್ಳುತ್ತದೆ.

ಜೂನ್ ಮೊದಲ ವಾರ ಮೈಸೂರಿನ ಹೂಟಗಳ್ಳಿಯ ಕೆಎಚ್‌ಬಿ ಕಾಲೊನಿಯ ಕಡೆ ಬೆಳಗ್ಗೆ ಒಂಬತ್ತಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಬೆಳೆಯುವ ಮಗುವೆಂದು ಒಂದು ಸೈಜ್ ದೊಡ್ಡದೇ ತೆಗೆದುಕೊಂಡ ಯೂನಿಫಾರ್ಮು, ಮೊಣಕಾಲಿಗೆ ಬಡಿಯುವ ನೀರಿನ ಬಾಟಲಿ, ಅಮ್ಮನ ವೇಲಿನ ತುದಿಯನ್ನು ಸುತ್ತಿಕೊಂಡ ಮುಷ್ಟಿ. ಆಯಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ‘ನೀವು ಹೊರಡಿ ಮೇಡಂ, ನಿಂತಷ್ಟೂ ಜಾಸ್ತಿ ಅಳುತ್ತೆ’ ಎನ್ನುತ್ತಾಳೆ. ಗೇಟು ಬೀಳುತ್ತದೆ.

ಆಯಾಳ ಮಾತು ಪೂರ್ತಿ ಸುಳ್ಳಲ್ಲ. ಬೀಳ್ಕೊಡುವುದನ್ನು ಎಳೆದಾಡಿದಷ್ಟೂ ಅಳು ಹೆಚ್ಚುತ್ತದೆ. ಆದರೆ ಅವಳು ಹೇಳದೆ ಬಿಟ್ಟದ್ದೂ ಇದೆ. ಆ ಮಗುವಿನ ಮಟ್ಟಿಗೆ ಮನೆಯೆಂದರೆ ಅಮ್ಮ ಒಬ್ಬಳೇ. ಗಾದೆ ಹುಟ್ಟಿದ ಕಾಲದ ಮನೆ ಬೇರೆ. ಅಲ್ಲಿ ಕೂಸು ಅಜ್ಜಿಯ ಮಡಿಲಿಂದ ಚಿಕ್ಕಮ್ಮನ ಸೊಂಟಕ್ಕೆ, ಅಲ್ಲಿಂದ ಪಕ್ಕದ ಮನೆಯ ಜಗಲಿಗೆ ಕೈಬದಲಾಗುತ್ತಲೇ ಬೆಳೆಯುತ್ತಿತ್ತು. ಅಮ್ಮ ಕಣ್ಮರೆಯಾದರೆ ಮತ್ತೆ ಬರುತ್ತಾಳೆ ಎಂಬ ಪಾಠ ದಿನಕ್ಕೆ ಹತ್ತು ಸಲ ಆಗುತ್ತಿತ್ತು. ಈಗಿನ ಮನೆ ಹಾಗಿಲ್ಲ. ಹುಣಸೂರು ರಸ್ತೆಯ ಬದಿಯ ಹೂಟಗಳ್ಳಿ ಕೈಗಾರಿಕಾ ಪ್ರದೇಶವಾಗಿ ಬೆಳೆದು, ಪಂಚಾಯಿತಿಯಿಂದ ನಗರಸಭೆಯಾಯಿತು. ಕೆಲಸ ಹುಡುಕಿ ಬಂದವರ ಬಾಡಿಗೆ ಮನೆಗಳಲ್ಲಿ ಅಪ್ಪ ಶಿಫ್ಟಿಗೆ ಹೋದಮೇಲೆ ಉಳಿಯುವುದು ಅಮ್ಮ, ಮಗು ಮತ್ತು ಟಿವಿ. ಹಾಗೆ ಬೆಳೆದ ಮಗುವನ್ನು ಒಂದು ಬೆಳಗ್ಗೆ ಇಪ್ಪತ್ತೈದು ಅಪರಿಚಿತ ಮಕ್ಕಳ ನಡುವೆ ಬಿಟ್ಟರೆ ಅಳದೆ ಏನು ಮಾಡೀತು?

ಇದರ ಮೇಲೆ ನಾವು ಇನ್ನೊಂದು ಉಪಕಾರ ಮಾಡಿರುತ್ತೇವೆ. ಊಟ ಮಾಡದಿದ್ದರೆ, ಹಟ ಹಿಡಿದರೆ, ‘ತಾಳು, ಸ್ಕೂಲಿಗೆ ಸೇರಿಸ್ತೀನಿ, ಮಿಸ್ ಸರಿಯಾಗಿ ಬಿಡ್ತಾರೆ’ ಎಂದು ವರ್ಷವಿಡೀ ಹೆದರಿಸಿರುತ್ತೇವೆ. ಗುಮ್ಮನಿಗೆ ಬಾಲಕೃಷ್ಣನೂ ಹೆದರುತ್ತಿದ್ದನೆಂದು ಪುರಂದರದಾಸರೇ ಹಾಡಿದ್ದಾರೆ. ಗುಮ್ಮನ ಜಾಗದಲ್ಲಿ ಶಾಲೆಯನ್ನು ಕೂರಿಸಿದವರು ನಾವು. ಜೂನ್‌ನಲ್ಲಿ ಅದೇ ಗುಮ್ಮನ ಕೈಗೆ ಮಗುವನ್ನು ಕೊಟ್ಟು, ನಗುತ್ತ ಹೋಗು ಎನ್ನುತ್ತೇವೆ.

ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ಹತ್ತಿರದಿಂದ ನೋಡಿದರು. ತೆವಳುವ ಕೂಸು ತಾಯಿಯಿಂದ ನಾಲ್ಕು ಮೊಳ ದೂರ ಹೋಗಿ, ತಿರುಗಿ ನೋಡಿ, ಅವಳು ಅಲ್ಲೇ ಇದ್ದಾಳೆಂದು ಖಾತ್ರಿಯಾದ ಮೇಲೆ ಇನ್ನಷ್ಟು ದೂರ ಹೋಗುತ್ತಿತ್ತು. ತಾಯಿಯ ಭರವಸೆ ಇದ್ದ ಮಕ್ಕಳೇ ಧೈರ್ಯವಾಗಿ ಲೋಕ ಶೋಧಿಸುತ್ತವೆ ಎಂಬ ತಿಳಿವಳಿಕೆ ಇಂಥ ನೋಟಗಳಿಂದ ಬೆಳೆಯಿತು. ನಮ್ಮ ಗಾದೆಯೂ ಅದನ್ನೇ ನಾಲ್ಕು ಪದಗಳಲ್ಲಿ ಹೇಳುತ್ತದೆ.

ನಮ್ಮ ಸಂಪ್ರದಾಯಕ್ಕೂ ಇದು ಗೊತ್ತಿತ್ತು. ಅಕ್ಷರಾಭ್ಯಾಸದ ದಿನ ಮಗುವನ್ನು ಎದುರಿಗೆ ನಿಲ್ಲಿಸಿ ಯಾರೂ ಬರೆ ಎನ್ನುವುದಿಲ್ಲ. ಅಪ್ಪನೋ ಸೋದರಮಾವನೋ ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯ ಅಕ್ಕಿಯ ಮೇಲೆ ಅದರ ಬೆರಳು ಹಿಡಿದು ತಿದ್ದಿಸುತ್ತಾರೆ. ಅಪರಿಚಿತವಾದ ಅಕ್ಷರ ಪರಿಚಿತವಾದ ತೊಡೆಗೆ ಬರುತ್ತದೆ. ಶಾಲೆಯೂ ಹೀಗೆ ಬರಬಹುದು. ಸೇರುವ ಮೊದಲು ಒಂದೆರಡು ಸಂಜೆ ಅದರ ಗೇಟಿನ ತನಕ ವಾಕಿಂಗ್, ಮಿಸ್ಸಿನ ಹೆಸರಿನ ಪರಿಚಯ, ಮನೆಯೊಳಗೆ ಕಣ್ಣಾಮುಚ್ಚಾಲೆ. ಕಣ್ಣಾಮುಚ್ಚಾಲೆಯನ್ನು ಹಗುರವಾಗಿ ಕಾಣಬೇಡಿ. ಕಾಣದಾದವರು ಇಲ್ಲವಾಗಿಲ್ಲ ಎಂಬುದನ್ನು ಮಗು ನಗುತ್ತ ಕಲಿಯುವುದು ಅಲ್ಲೇ.

ಇನ್ನು ಹೊರಡುವ ಗಳಿಗೆ. ‘ಎರಡೇ ನಿಮಿಷ, ಚಾಕೊಲೇಟ್ ತರ್ತೀನಿ’ ಎಂದು ಹೇಳಿ ಹಿಂಬಾಗಿಲಿಂದ ಜಾರುವ ಅಮ್ಮಂದಿರ ಮೇಲೆ ನನಗೆ ಕನಿಕರವಿದೆ, ಆದರೆ ಅವರ ಪರ ವಾದಿಸಲಾರೆ. ಅದು ಮೊದಲ ದಿನದ ಅಳುವನ್ನು ತಪ್ಪಿಸಿ ಇಡೀ ತಿಂಗಳ ನಂಬಿಕೆಯನ್ನು ಕೆಡಿಸುತ್ತದೆ. ಮಗುವಿಗೆ ಹನ್ನೆರಡೂವರೆ ಗೊತ್ತಿಲ್ಲ, ಊಟ ಗೊತ್ತು. ‘ಊಟ ಮಾಡಿ ಕೈ ತೊಳ್ಕೋತೀಯಲ್ಲ, ಆವಾಗ ಬರ್ತೀನಿ’ ಎಂದು ಹೇಳಿ, ಒಂದು ಮುತ್ತು ಕೊಟ್ಟು, ಹೊರಡಬೇಕು. ಅಮ್ಮ ಆ ಹೊತ್ತಿಗೆ ಅಲ್ಲಿರಲೇಬೇಕು.

ಭಾಷೆಯ ಮಾತನ್ನೂ ಹೇಳಬೇಕು. ಮನೆಯಲ್ಲಿ ‘ಸುಸು’ ಎನ್ನುವ ಮಗುವಿಗೆ ಇಂಗ್ಲಿಷಿನಲ್ಲೇ ಕೇಳಬೇಕೆಂಬ ನಿಯಮದ ನರ್ಸರಿಯಲ್ಲಿ ಬಾಯೇ ಇಲ್ಲ. ಅರ್ಧ ಹೆದರಿಕೆ ಅಲ್ಲೇ ಹುಟ್ಟುತ್ತದೆ. ಮನೆಯ ಆ ಒಂದೆರಡು ಪದಗಳನ್ನು ಮಿಸ್ಸಿಗೆ ಮೊದಲೇ ಹೇಳಿಡುವುದು ಬಣ್ಣದ ಬ್ಯಾಗಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

‘ಎರಡು ದಿನ ಅತ್ತು ಸುಮ್ಮನಾಗುತ್ತೆ ಬಿಡಿ’ ಎನ್ನುವ ಹಿರಿಯರ ಮಾತು ಬಹಳ ಮಕ್ಕಳ ವಿಷಯದಲ್ಲಿ ನಿಜ, ಎರಡು ದಿನದ ಬದಲು ಎರಡು ಮೂರು ವಾರ ಎಂದರೆ ಇನ್ನೂ ನಿಜ. ಆದರೆ ಎಲ್ಲ ಸುಮ್ಮನೂ ಸಮಾಧಾನವಲ್ಲ. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬ ಸಂಶೋಧಕರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದಾಗ, ವೈದ್ಯರು ‘ಹೊಂದಿಕೊಂಡಿದ್ದಾಳೆ’ ಎಂದುಕೊಂಡಿದ್ದ ಮೌನ ದುಃಖವೆಂದು ಗೊತ್ತಾಯಿತು. ಅರ್ಧ ದಿನದ ನರ್ಸರಿ ಆಸ್ಪತ್ರೆಯಲ್ಲ, ನಿಜ. ಆದರೂ ಅಳು ನಿಂತಿತೇ ಎಂದು ಮಾತ್ರ ಕೇಳದೆ, ಆಡಿತೇ, ಉಂಡಿತೇ ಎಂದೂ ಕೇಳಿ. ನಾಲ್ಕು ವಾರ ದಾಟಿದರೂ ದಿನವೂ ಹೊಟ್ಟೆನೋವು, ವಾಂತಿ, ರಾತ್ರಿ ಬೆಚ್ಚಿ ಏಳುವುದು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಜರ್ಮನಿಯ ಅನೇಕ ಶಿಶುಕೇಂದ್ರಗಳಲ್ಲಿ ಮೊದಲ ಮೂರು ದಿನ ಅಮ್ಮ ಅಥವಾ ಅಪ್ಪ ಮಗುವಿನ ಜೊತೆ ಒಳಗೇ ಕೂರುತ್ತಾರೆ, ಬಿಟ್ಟುಹೋಗುವ ಪ್ರಶ್ನೆಯೇ ಇಲ್ಲ. ನಾಲ್ಕನೆಯ ದಿನ ಕೆಲವು ನಿಮಿಷ ಹೊರಗೆ ಹೋಗಿ ನೋಡುತ್ತಾರೆ. ಟೀಚರ್ ಎತ್ತಿಕೊಂಡಾಗ ಮಗು ಸಮಾಧಾನವಾದರೆ ಹೊತ್ತನ್ನು ಹೆಚ್ಚಿಸುತ್ತಾರೆ, ಇಲ್ಲದಿದ್ದರೆ ಕಾಯುತ್ತಾರೆ. ಇದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದದ್ದು ಇದೇ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂಗನವಾಡಿ ಕಾರ್ಯಕರ್ತೆ ಸ್ಥಳೀಯಳೇ ಆಗಿರಬೇಕೆಂಬುದು ಅದರ ನಿಯಮ. ಹಾಗಾಗಿ ಮಗು ಅವಳನ್ನು ಅಂಗಡಿಯಲ್ಲಿ, ನಲ್ಲಿಯ ಬಳಿ ಮೊದಲೇ ನೋಡಿರುತ್ತದೆ, ಅಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ಕೂತರೆ ಯಾರೂ ಎಬ್ಬಿಸುವುದಿಲ್ಲ. ಶುಲ್ಕ ಕಟ್ಟಿಸಿಕೊಳ್ಳುವ ನರ್ಸರಿಗಳಿಗೂ ಇಷ್ಟು ಸಾಧ್ಯ. ಹೂಟಗಳ್ಳಿಯ ನರ್ಸರಿ ನಡೆಸುವವರಲ್ಲಿ ನನ್ನ ಕೋರಿಕೆ ಒಂದೇ: ಈ ಜೂನ್‌ನ ಮೊದಲ ವಾರ ಗೇಟು ಹಾಕಬೇಡಿ, ವರಾಂಡದಲ್ಲಿ ಅಮ್ಮಂದಿರಿಗೆ ಹತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ.