ಮಾಸಾಶನವೂ ಒಂದು ಅಮಾನತ್



ಹ. ಕಬೀಸ ಬಿನ್ ಮುಖಾರಿಕ್(ರ) ಎಂಬ ಸಹಾಬಿಯವರು ಇತರರ ಹೊಣೆಯೊಂದನ್ನು ತಮ್ಮ ಮೇಲೆ ಹೊತ್ತುಕೊಂಡು ಸಾಲಗಾರರಾಗಿದ್ದರು. ನೆರವು ಕೇಳಲು ಪ್ರವಾದಿವರ್ಯರ(ಸ) ಬಳಿಗೆ ಬಂದರು. ದಾನದ ಸೊತ್ತು ಬಂದಾಗ ಕೊಡಿಸುವುದಾಗಿ ತಿಳಿಸಿದ ಪ್ರವಾದಿವರ್ಯರು(ಸ), ಕೇಳಿ ಪಡೆಯುವುದು ಮೂವರಿಗೆ ಮಾತ್ರ ಸಮ್ಮತವೆಂದು ವಿವರಿಸಿದರು. ಇತರರಿಗಾಗಿ ಸಾಲ ಹೊತ್ತವನು, ವಿಪತ್ತಿನಲ್ಲಿ ಸೊತ್ತು ಕಳಕೊಂಡವನು ಮತ್ತು ಕಡು ಬಡತನಕ್ಕೆ ಬಿದ್ದಿರುವನೆಂದು ತನ್ನ ಕುಲದ ಮೂವರು ವಿವೇಕಿಗಳು ಸಾಕ್ಷಿ ಹೇಳುವವನು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ಓದುವಾಗ ಒಂದು ಪುಟ್ಟ ಪದವನ್ನು ನಾವು ಗಮನಿಸದೆ ದಾಟಿ ಬಿಡುತ್ತೇವೆ. ಅದು 'ತನಕ' ಎಂಬ ಪದ. ಸಾಲ ತೀರುವ ತನಕ, ಜೀವನಾಧಾರ ದೊರೆಯುವ ತನಕ. ಹಕ್ಕನ್ನು ಕೊಟ್ಟ ಮಾತೇ ಅದರ ಗಡಿಯನ್ನೂ ಹೇಳಿದೆ.

ನಮ್ಮ ನಡುವೆ ವಿಕಲಚೇತನರ ಮಾಸಾಶನ ಪಡೆಯುವವರು ಅನೇಕರಿದ್ದಾರೆ. ಅದು ಭಿಕ್ಷೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮು ಅಂಥವರ ಸಾಮಾಜಿಕ ಭದ್ರತೆಯನ್ನು ಸರಕಾರದ ಹೊಣೆಯಾಗಿಸಿದೆ. ಪಡೆಯಲು ನಾಚಬೇಕಾಗಿಲ್ಲ. ಆದರೆ ಅದೇ ಕಲಮು ಮಾಸಾಶನಕ್ಕೆ ಆದಾಯ ಮಿತಿಯನ್ನೂ ಹೇಳುತ್ತದೆ. ನಮ್ಮ ರಾಜ್ಯದಲ್ಲಿಯೂ ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣ ಪತ್ರದೊಂದಿಗೆ ಆದಾಯದ ಪ್ರಮಾಣ ಪತ್ರವನ್ನೂ ಕೇಳುತ್ತಾರೆ. ಅಂದರೆ ಇಲ್ಲಿಯೂ ಒಂದು 'ತನಕ' ಇದೆ.

ಒಬ್ಬ ಸಹೋದರನನ್ನು ಊಹಿಸಿಕೊಳ್ಳಿ. ಕಾಲಿಗೆ ಶಕ್ತಿಯಿಲ್ಲ, ಕೈಯಲ್ಲಿ ಹೊಲಿಗೆಯ ಕೆಲಸವಿದೆ. ಅರ್ಜಿ ಹಾಕಿದ ದಿನ ಅವನು ಹೇಳಿದ್ದೆಲ್ಲವೂ ಸತ್ಯ. ಮೂರು ವರ್ಷ ಕಳೆಯಿತು. ಗಿರಾಕಿಗಳು ಹೆಚ್ಚಿದರು, ಮಗ ಗಲ್ಫ್‌ಗೆ ಹೋದ. ಅವನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದ ಅಷ್ಟೇ. ಆದರೆ ಅಂದಿನ ಸತ್ಯ ಇಂದಿನ ಸತ್ಯವಲ್ಲ. ಹಳೆಯ ಕಾಗದವು ಪ್ರತಿ ತಿಂಗಳೂ ಅವನ ಪರವಾಗಿ ಮಾತನಾಡುತ್ತಲೇ ಇದೆ. ಈ ಮೌನವನ್ನು ಏನೆಂದು ಕರೆಯೋಣ?

'ಸರಕಾರದ ಹಣ ತಾನೇ, ಯಾರಿಗೇನು ನಷ್ಟ?' ಎನ್ನುವವರಿದ್ದಾರೆ. ಒಂದು ಸೋಪು ಕೊಳ್ಳುವ ವಿಧವೆಯೂ ಅದಕ್ಕೆ ತೆರಿಗೆ ತೆರುತ್ತಾಳೆ. ಒಬ್ಬನ ಹಣ ತಿಂದರೆ ಅವನ ಬಾಗಿಲಿಗೆ ಹೋಗಿ ಕ್ಷಮೆ ಕೇಳಬಹುದು. ಕೋಟಿ ಜನರ ಹಣ ತಿಂದವನು ಯಾರ ಬಾಗಿಲು ತಟ್ಟುವನು? ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಮರಳಿಸಬೇಕೆಂದು ಸೂರಃ ಅನ್ನಿಸಾದ 58ನೇ ಸೂಕ್ತವು ಆಜ್ಞಾಪಿಸುತ್ತದೆ. ಮೋಸದಿಂದ ಸವಲತ್ತು ಪಡೆದವನಿಗೆ 2016ರ ಕಾಯ್ದೆಯ 91ನೇ ಕಲಮಿನಂತೆ 2 ವರ್ಷಗಳ ವರೆಗೆ ಸೆರೆ ಅಥವಾ 1 ಲಕ್ಷ ರೂ. ವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಸತ್ಯವಿಶ್ವಾಸಿಯ ಭಯ ತಹಶೀಲ್ದಾರರ ನೋಟೀಸಿನಿಂದ ಆರಂಭವಾಗಬಾರದು.

ಹ. ಅಬೂಬಕರ್(ರ) ಖಲೀಫರಾದಾಗ ವ್ಯಾಪಾರ ಬಿಟ್ಟು ಬೈತುಲ್‌ಮಾಲ್‌ನಿಂದ ಜೀವನಾಂಶ ಪಡೆಯಬೇಕಾಯಿತು. ಹಿಜರಿ 13ರಲ್ಲಿ ಮರಣಶಯ್ಯೆಯಲ್ಲಿದ್ದಾಗ, ಅಧಿಕಾರಕ್ಕೆ ಬಂದ ಬಳಿಕ ತಮ್ಮ ಸೊತ್ತಿನಲ್ಲಿ ಹೆಚ್ಚಾದುದನ್ನು ಮುಂದಿನ ಖಲೀಫರಿಗೆ ತಲುಪಿಸುವಂತೆ ಹೇಳಿದರು. ಹಾಗೆ ತಲುಪಿದವುಗಳಲ್ಲಿ ನೀರೆತ್ತುವ ಒಂದು ಒಂಟೆಯೂ ಇತ್ತು. ಅದನ್ನು ಕಂಡು ಹ. ಉಮರ್(ರ) ಅತ್ತರು. ಯಾರೂ ಲೆಕ್ಕ ಕೇಳಿರಲಿಲ್ಲ!

'ತಿಳಿಸಿದರೆ ಮಾಸಾಶನ ನಿಲ್ಲುತ್ತದೆ, ನಾಳೆ ಕೆಲಸ ತಪ್ಪಿದರೆ ಏನು ಗತಿ?' ಇದು ನಿಜವಾದ ಭಯ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಊಹೆಯಿಂದಲೇ ಹೆದರಬೇಡಿ. ಆದಾಯ ಎಷ್ಟು ಹೆಚ್ಚಿದೆ, ಯಾವ ತಿಂಗಳಿನಿಂದ ಎಂಬುದನ್ನು ಬರೆದು ನಾಡಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಮಿತಿಯೊಳಗಿದ್ದರೆ ನಿಶ್ಚಿಂತೆಯಿಂದ ಪಡೆಯಿರಿ. ಮೀರಿದ್ದರೆ ಬಿಟ್ಟುಕೊಡಿ, ಹೆಚ್ಚು ಪಡೆದುದನ್ನು ಕಂತುಗಳಲ್ಲಾದರೂ ಮರಳಿಸಲು ಅವಕಾಶ ಕೇಳಿ. ಆದಾಯ ಪುನಃ ಕುಸಿದರೆ ಪುನಃ ಅರ್ಜಿ ಹಾಕಿ. ಆಗ ಕೇಳುವುದೂ ನಿಮ್ಮ ಹಕ್ಕೇ. ಗಳಿಕೆ ಹೆಚ್ಚಿದುದು ಅಡಗಿಸಬೇಕಾದ ಕಳಂಕವಲ್ಲ, ಕೃತಜ್ಞತೆ ಸಲ್ಲಿಸಬೇಕಾದ ಅನುಗ್ರಹ. ಅಂಧರಾಗಿದ್ದ ಹ. ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್‌ರಿಗೆ(ರ) ಪ್ರವಾದಿವರ್ಯರು(ಸ) ಅದಾನ್ ಕೊಡುವ ಹೊಣೆಯನ್ನು ವಹಿಸಿ ಗೌರವಿಸಿದ್ದರು.

ಇನ್ನು ಕೈಕಾಲು ಗಟ್ಟಿಯಿರುವ ನಮ್ಮೊಡನೆ ಒಂದು ಮಾತು. ಆದಾಯ ಅಡಗಿಸಿ ಬಡವರ ಪಡಿತರ ಚೀಟಿ ಇಟ್ಟುಕೊಂಡ ನಾವು ಆ ಸಹೋದರನತ್ತ ಬೆರಳು ತೋರಿಸುವ ಮೊದಲು ನಮ್ಮ ಚೀಟಿಯನ್ನು ಮರಳಿಸೋಣ. ಸತ್ಯ ಹೇಳಿ ಮಾಸಾಶನ ಕಳಕೊಂಡವನಿಗೆ ಮುಂದೆ ಕಷ್ಟ ಬಂದರೆ, ಹೊಸ ಅರ್ಜಿ ಮಂಜೂರಾಗುವ ತನಕ ಝಕಾತ್ ನಿಧಿಯಿಂದ ಅವನ ಒಲೆ ಉರಿಯುವಂತೆ ನೋಡಿಕೊಳ್ಳುವುದು ಜಮಾಅತಿನ ಹೊಣೆ. ಅವನ ಸತ್ಯಕ್ಕೆ ಅವನೊಬ್ಬನೇ ಬೆಲೆ ತೆರುವಂತಾದರೆ, ಆ ತಪ್ಪಿನಲ್ಲಿ ನಮಗೂ ಪಾಲಿದೆ.

ಅಲ್ಲಾಹನು ನಮ್ಮ ಅನ್ನವನ್ನು ಶುದ್ಧಗೊಳಿಸಲಿ, ನಮ್ಮ ಮೌನಗಳ ಲೆಕ್ಕವನ್ನು ಇಲ್ಲಿಯೇ ತೀರಿಸಿಕೊಳ್ಳುವ ಸೌಭಾಗ್ಯ ನೀಡಲಿ. ಆಮೀನ್.