ಕೊಟ್ಟ ಮಾತಿನ ಭಾರ

ಕರಾರಿನಲ್ಲಿ ಒಬ್ಬನು ತಪ್ಪಿ ನಡೆದರೆ ಇನ್ನೊಬ್ಬನು ಕೊಟ್ಟ ಮಾತಿನಿಂದ ಬಿಡುಗಡೆ ಹೊಂದುವನೆ? ಕೋರ್ಟು ಕಚೇರಿಗಳ ನ್ಯಾಯ ಬಹುಮಟ್ಟಿಗೆ ಹೌದೆನ್ನುತ್ತದೆ. ಬೈಬಲಿನ ಒಡಂಬಡಿಕೆಯ ನ್ಯಾಯವೇ ಬೇರೆ. ದೇವರು ಅಬ್ರಹಾಮನಿಗೆ ಮಾತು ಕೊಟ್ಟನು. ಅವನ ಸಂತತಿಯವರಾದ ಇಸ್ರಾಯೇಲರು ಸೀನಾಯಿ ಬೆಟ್ಟದ ಬುಡದಲ್ಲಿಯೇ ಬಂಗಾರದ ಕರುವಿಗೆ ಅಡ್ಡಬಿದ್ದರು. ದೇವರು ಮುನಿದನು, ದಂಡಿಸಿದನು, ಕೈಬಿಡಲಿಲ್ಲ. ದಾರಿ ತಪ್ಪಿದ ಹೆಂಡತಿಯನ್ನು ಮರಳಿ ಮನೆಗೆ ಕರೆತರುವ ಗಂಡನ ನೋವಿನಲ್ಲಿ ಪ್ರವಾದಿ ಹೋಶೇಯನು ಈ ನಂಟನ್ನು ಕಂಡನು.

ಯೆಹೂದ್ಯರಲ್ಲಿ ಬಹುಮಂದಿ ಯೇಸುವನ್ನು ಒಪ್ಪದೆ ಹೋದಾಗ, ಸ್ವತಃ ಯೆಹೂದ್ಯನಾದ ಪೌಲನನ್ನು ಇದೇ ಪ್ರಶ್ನೆ ಕಾಡಿತು: ದೇವರು ತನ್ನ ಜನರನ್ನು ತೊರೆದನೆ? ಇಲ್ಲವೆಂದೇ ಅವನು ರೋಮಿನ ಕ್ರೈಸ್ತರಿಗೆ ಬರೆದನು. ಆಲಿವ್ ಮರದ ಬೇರು ಇಸ್ರಾಯೇಲಿನದು, ಅನ್ಯಜನರು ಅದಕ್ಕೆ ಕಸಿ ಕಟ್ಟಿದ ಕಾಡುಕೊಂಬೆ. ಕೊಂಬೆಗೆ ಬೇರಿನೆದುರು ಹೆಮ್ಮೆ ಸಲ್ಲದು. ಆದರೂ ಕ್ರೈಸ್ತ ಯೂರೋಪು ಶತಮಾನಗಳ ಕಾಲ ಯೆಹೂದ್ಯರನ್ನು ಶಾಪಗ್ರಸ್ತರೆಂದು ಹಳಿದು ಹಿಂಸಿಸಿತು. ಹಾಗೆ ಹೇಳಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ.

ಇಲ್ಲಿ ನನಗೆ ತೋರುವುದಿಷ್ಟು. ಮೊದಲು ಕರೆಸಿಕೊಂಡವರಿಗೆ ಕೊಟ್ಟ ಮಾತನ್ನು ದೇವರು ಮುರಿದನೆಂದು ಹಿಗ್ಗುವವನು, ತನಗೆ ಕೊಟ್ಟ ಮಾತನ್ನು ಯಾವ ಧೈರ್ಯದಿಂದ ನಂಬಿಯಾನು? ಪಡೆದವರ ಯೋಗ್ಯತೆಯನ್ನು ನೆಚ್ಚಿ ನಿಂತ ಮಾತಾಗಿದ್ದರೆ ಅದು ಕರುವಿನ ಮುಂದೆಯೇ ಮುಗಿದುಹೋಗುತ್ತಿತ್ತು. ಅದು ಉಳಿದಿದ್ದರೆ, ಕೊಟ್ಟವನು ಹೊತ್ತು ನಿಂತಿರುವುದರಿಂದ.